ಲೇಖಕರು ಎದುರಿಗೆ ಕೂತಾಗ ಏನು ಕೇಳಬೇಕು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಸಣ್ಣ ಓದುಗರ ಬಳಗ ನಮ್ಮದು. ತಿಂಗಳಿಗೊಂದು ಪುಸ್ತಕ ಓದಿ ಮಾತಾಡುತ್ತೇವೆ. ಮೊದಲ ಸಲ ಒಬ್ಬ ಕಾದಂಬರಿಕಾರ್ತಿಯನ್ನು ಕರೆದಿದ್ದೇವೆ, ಅವರೂ ಒಪ್ಪಿದ್ದಾರೆ. ಸಂವಾದ ನಡೆಸುವ ಕೆಲಸ ನನ್ನ ಪಾಲಿಗೆ ಬಂದಿದೆ.

ನಾನು ನೋಡಿದ ಸಂವಾದಗಳಲ್ಲಿ ಹೆಚ್ಚಿನವು ಒಂದೇ ಥರ. ಪ್ರಾರ್ಥನೆ, ಸ್ವಾಗತ, ಪರಿಚಯ, ಶಾಲು, ಹಾರ ಮುಗಿಯುವಷ್ಟರಲ್ಲಿ ಅರ್ಧ ಹೊತ್ತು ಹೋಗಿರುತ್ತದೆ. ಆಮೇಲೆ "ನಿಮಗೆ ಪ್ರೇರಣೆ ಯಾರು?", "ಇಂದಿನ ಯುವಜನರಿಗೆ ನಿಮ್ಮ ಸಂದೇಶ ಏನು?", "ಸಾಹಿತ್ಯದಿಂದ ಸಮಾಜ ಬದಲಾಗುತ್ತದಾ?" ಲೇಖಕರು ಬೇರೆ ಕಡೆ ಹೇಳಿದ್ದನ್ನೇ ಇಲ್ಲೂ ಹೇಳುತ್ತಾರೆ. ಅವರು ವರ್ಷಗಟ್ಟಲೆ ಕೂತು ಬರೆದ ಪುಸ್ತಕ ಮೇಜಿನ ಮೇಲೆ ಸುಮ್ನೆ ಇರುತ್ತದೆ, ಯಾರೂ ಅದನ್ನು ತೆರೆಯುವುದಿಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ಸಂಗತಿ. ಅಷ್ಟು ದೂರದಿಂದ ಬಂದವರಿಗೆ ನಾವು ಮಾಡುವ ಮರ್ಯಾದೆ ಇದಲ್ಲ ಅನ್ನಿಸುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ. ನೀವು ಕೇಳಿದ, ಓದಿದ ಒಳ್ಳೆಯ ಸಂವಾದ ಯಾವುದು? ಅದರಲ್ಲಿ ಏನು ಚೆನ್ನಾಗಿತ್ತು?

ಅಟ್ಟದ ಓದುಗ

ಧಾರವಾಡದಿಂದ ನಮಸ್ಕಾರ. ಮೇಡಂ, ಒಂದೇ ಮಾತು ಹೇಳ್ತೀನಿ ನೋಡ್ರಿ. ಸಂದೇಶ ಕೇಳಬೇಡಿ, ಕೆಲಸ ಕೇಳಿ.

ಗಿರೀಶ ಕಾರ್ನಾಡರನ್ನು "ಇತಿಹಾಸದಿಂದ ನಾವು ಕಲಿಯಬೇಕಾದದ್ದೇನು?" ಅಂತ ಕೇಳಿದ್ದರೆ ಒಂದು ಭಾಷಣ ಸಿಗುತ್ತಿತ್ತು. "ತುಘಲಕನೇ ಯಾಕೆ?" ಅಂತ ಕೇಳಿದಾಗ ಕಥೆಯೇ ಬೇರೆ. ಕನ್ನಡದಲ್ಲಿ ಹೇಳಿಕೊಳ್ಳುವಂಥ ಐತಿಹಾಸಿಕ ನಾಟಕ ಇಲ್ಲ ಅಂತ ಕೀರ್ತಿನಾಥ ಕುರ್ತಕೋಟಿಯವರು ಬರೆದದ್ದನ್ನು ಓದಿ, ಆ ಮಾತು ಮನಸ್ಸಿಗೆ ನಾಟಿ ಅವರು ಇತಿಹಾಸದ ಪುಸ್ತಕ ಹುಡುಕಿಕೊಂಡು ಹೋದರು. 'ತುಘಲಕ್' 1964ರಲ್ಲಿ ಬಂತು. ಒಬ್ಬ ವಿಮರ್ಶಕನ ಒಂದು ದೂರು, ಒಬ್ಬ ಯುವಕನ ಹಟ, ಕೊನೆಗೆ ಒಂದು ನಾಟಕ. ಇಂಥದ್ದು ಗೊತ್ತಾದ ಮೇಲೆ ನಾಟಕವನ್ನು ಮತ್ತೊಮ್ಮೆ ಓದಬೇಕು ಅನ್ನಿಸುತ್ತದೆ. ಸಂವಾದದಿಂದ ಆಗಬೇಕಾದ್ದು ಅಷ್ಟೇ ಅಲ್ವಾ?

ನಮ್ಮ ಊರಿನ ಸುಭಾಸ ರಸ್ತೆಯ ಅಟ್ಟದ ಬಗ್ಗೆ ಕೇಳಿರಬಹುದು. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆಯ ಜಾಗ. ಬರೆಯುವವರು, ಓದುವವರು, ಅಚ್ಚು ಹಾಕಿಸುವವರು ಅಲ್ಲಿ ಒಟ್ಟಿಗೆ ಕೂತು ಮಾತಾಡುತ್ತಿದ್ದರು. ಪುಸ್ತಕ ಬಂದ ಮೇಲಿನ ಮಾತಷ್ಟೇ ಅಲ್ಲ, ಬರುವ ಮೊದಲಿನ ಮಾತು. ಹಸ್ತಪ್ರತಿ ಓದಿ ಇದು ಆಗಿದೆ, ಇದು ಆಗಿಲ್ಲ ಅಂತ ಹೇಳುವವರು ಇದ್ದರು. ನಿಮ್ಮ ಲೇಖಕಿಗೆ ಕೇಳಿ: ನಿಮ್ಮ ಹಸ್ತಪ್ರತಿ ಮೊದಲು ಓದಿದವರು ಯಾರು? ಅವರು ಏನು ಬೇಡ ಅಂದರು? ನೀವು ಅವರ ಮಾತು ಕೇಳಿದಿರಾ?

ಪುಟ ತಿರುವಿ

ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ಮೊದಲ ಪ್ರಶ್ನೆಗಿಂತ ಎರಡನೇ ಪ್ರಶ್ನೆ ಮುಖ್ಯ.

'ಪ್ಯಾರಿಸ್ ರಿವ್ಯೂ' ಪತ್ರಿಕೆ 1953ರಲ್ಲಿ ಇ.ಎಂ. ಫಾರ್ಸ್ಟರ್ ಅವರ ಸಂದರ್ಶನದಿಂದ ಒಂದು ಸರಣಿ ಶುರು ಮಾಡಿತು. ಅದು ಈಗಲೂ ನಡೆಯುತ್ತಿದೆ. ಜಾರ್ಜ್ ಪ್ಲಿಂಪ್ಟನ್ 1958ರಲ್ಲಿ ಹೆಮಿಂಗ್ವೆ ಜೊತೆ ಮಾಡಿದ ಸಂದರ್ಶನ ಅದರಲ್ಲೇ ಬಂದದ್ದು. ಎಷ್ಟು ತಿದ್ದುತ್ತೀರಿ ಅಂತ ಪ್ಲಿಂಪ್ಟನ್ ಕೇಳುತ್ತಾರೆ. ಒಂದು ಕಾದಂಬರಿಯ ಕೊನೇ ಪುಟವನ್ನು 39 ಸಲ ಬರೆದೆ ಅಂತ ಹೆಮಿಂಗ್ವೆ ಹೇಳುತ್ತಾರೆ. ನಮ್ಮ ಸಭೆಯಾಗಿದ್ದರೆ ಇಲ್ಲಿ ಚಪ್ಪಾಳೆ ಬಿದ್ದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆವು. ಪ್ಲಿಂಪ್ಟನ್ ಹೋಗಲಿಲ್ಲ. ಅಲ್ಲಿ ಏನು ತೊಡಕಿತ್ತು, ಯಾವುದು ತಡೆಯುತ್ತಿತ್ತು ಅಂತ ಮತ್ತೆ ಕೇಳಿದರು. ಪದಗಳು ಸರಿಯಾಗಿ ಕೂರುವುದೇ ತೊಡಕಾಗಿತ್ತು ಅನ್ನುವ ಉತ್ತರ ಬಂತು. ಆ ಸಂದರ್ಶನದಲ್ಲಿ ಜನ ಇವತ್ತಿಗೂ ನೆನೆಸಿಕೊಳ್ಳುವುದು ಅದನ್ನೇ.

ಹಾಗಾಗಿ ಹದಿನೈದು ಪ್ರಶ್ನೆ ಬರೆದುಕೊಂಡು ಹೋಗಬೇಡಿ. ನಾಲ್ಕೈದು ಸಾಕು. ಉತ್ತರ ಕೇಳಿಸಿಕೊಂಡು ಅದರೊಳಗಿಂದಲೇ ಮುಂದಿನದನ್ನು ಕೇಳಿ. ಕೈಲಿ ಪಟ್ಟಿ ಇದ್ದರೆ ನಾವು ಕೇಳಿಸಿಕೊಳ್ಳುವುದನ್ನು ಬಿಟ್ಟು ಪಟ್ಟಿ ನೋಡುತ್ತಿರುತ್ತೇವೆ.

ಕಾಫಿಸೀಮೆ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಲೇಖಕರನ್ನು ಕೂರಿಸಿ ಕೇಳಲೇಬೇಕಾ? ಹೇಳಬೇಕಾದ್ದನ್ನು ಅವರು ಪುಸ್ತಕದಲ್ಲಿ ಹೇಳಿ ಆಗಿದೆ.

ದೇವನೂರ ಮಹಾದೇವರನ್ನು ನೋಡಿ. ಕಥೆ ಕಾದಂಬರಿ ಅಂದರೆ 'ದ್ಯಾವನೂರು', 'ಒಡಲಾಳ', 'ಕುಸುಮಬಾಲೆ', ಮೂರು ತೆಳ್ಳನೆ ಪುಸ್ತಕ. 'ಕುಸುಮಬಾಲೆ' ಬಂದದ್ದು 1984ರಲ್ಲಿ. "ಮತ್ತೆ ಯಾವಾಗ ಬರೆಯುತ್ತೀರಿ?" ಅಂತ ಜನ ಕೇಳುತ್ತಲೇ ಬಂದಿದ್ದಾರೆ. ಆ ಪ್ರಶ್ನೆ ನನಗೆ ಹಿಂಸೆ ಅನ್ನಿಸುತ್ತದೆ. ಬರೆದದ್ದನ್ನು ಮತ್ತೆ ಮತ್ತೆ ಓದುವುದು ಬಿಟ್ಟು, ಬರೆಯದೇ ಇದ್ದುದಕ್ಕೆ ಕಾರಣ ಕೇಳುವುದು ಯಾವ ನ್ಯಾಯ?

ಇನ್ನೊಂದು. ಚೆನ್ನಾಗಿ ಬರೆಯುವವರೆಲ್ಲ ಚೆನ್ನಾಗಿ ಮಾತಾಡುವುದಿಲ್ಲ. ವೇದಿಕೆ ಮೇಲೆ ತಡವರಿಸಿದ ಒಬ್ಬ ಲೇಖಕರ ಬಗ್ಗೆ, ಪುಸ್ತಕ ಯಾರೋ ಬರೆದುಕೊಟ್ಟಿರಬೇಕು ಅಂತ ಹಿಂದಿನ ಸಾಲಿನವರು ಮಾತಾಡಿದ್ದನ್ನು ನಾನೇ ಕೇಳಿದ್ದೇನೆ. ಸಂವಾದಗಳು ಜಾಸ್ತಿಯಾದಷ್ಟೂ ಮಾತುಗಾರರಿಗೆ ಬೆಲೆ, ಮೌನಿಗಳಿಗೆ ನಷ್ಟ.

ಮೂರನೇ ಕರಡು

ನಾನು ಕಥೆ ಬರೆಯುವವಳು. ಹೆಸರು ಇಲ್ಲಿ ಬೇಡ. ಕಾಫಿಸೀಮೆ ಸರ್ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಮಾತು ಬಾರದ ಲೇಖಕರಿಗೆ ವೇದಿಕೆ ಶಿಕ್ಷೆಯೇ. ಹಾಗಿದ್ದರೆ ವೇದಿಕೆ ತೆಗೆಯಬಹುದು, ಮಾತು ಯಾಕೆ ತೆಗೆಯಬೇಕು? ಇಪ್ಪತ್ತು ಜನ ಚಾಪೆ ಹಾಸಿಕೊಂಡು ಸುತ್ತ ಕೂತರೆ ನಮ್ಮಂಥವರ ನಾಲಿಗೆಯೂ ಸಡಿಲವಾಗುತ್ತದೆ. ಮೈಕ್ ಕಂಡರೆ ಮಾತ್ರ ಗಂಟಲು ಕಟ್ಟುತ್ತದೆ.

ಇನ್ನರ್ಧ ಒಪ್ಪುವುದಿಲ್ಲ. ಎಲ್ಲವೂ ಪುಸ್ತಕದಲ್ಲಿ ಇರುವುದಿಲ್ಲ. ಬಿಟ್ಟದ್ದು ಇರುವುದಿಲ್ಲ. ನನ್ನ ಒಂದು ಕಥೆಯಲ್ಲಿ ಮೊದಲು ಅಜ್ಜಿಯ ಪಾತ್ರ ಇತ್ತು. ಅವಳು ಬಂದ ಕೂಡಲೇ ಎಲ್ಲರ ಕಷ್ಟಕ್ಕೂ ಸಮಾಧಾನ ಹೇಳಿಬಿಡುತ್ತಿದ್ದಳು, ಕಥೆ ಮುಂದೆ ಹೋಗುತ್ತಿರಲಿಲ್ಲ. ಅಜ್ಜಿಯನ್ನು ಪೂರ್ತಿ ತೆಗೆದೆ. ಒಂದು ಕಾಲೇಜಿನಲ್ಲಿ ಒಬ್ಬ ಹುಡುಗಿ ಎದ್ದು, "ಈ ಮನೆಯಲ್ಲಿ ಯಾರೋ ಇದ್ದು ಹೋದ ಹಾಗಿದೆ, ಯಾರದು?" ಅಂತ ಕೇಳಿದಳು. ಹಾಗೆ ಓದುವವರು ಇದ್ದಾರೆ ಅಂತ ಗೊತ್ತಾದರೆ ಬರೆಯುವವರಿಗೆ ಎಷ್ಟು ಬಲ ಬರುತ್ತದೆ ಗೊತ್ತಾ? ಪ್ರಶಸ್ತಿಯಿಂದಲೂ ಅಷ್ಟು ಬರುವುದಿಲ್ಲ.

ತುಂಗಾತೀರ ಅವರೇ, ನಿಮ್ಮ ಅತಿಥಿಗೆ ಇದನ್ನು ಖಂಡಿತ ಕೇಳಿ: ಈ ಕಾದಂಬರಿಯಿಂದ ಏನನ್ನು ತೆಗೆದಿರಿ?

ತುಂಗಾತೀರ

ಎಷ್ಟು ಒಳ್ಳೆ ಮಾತುಗಳು! ಎಲ್ಲರಿಗೂ ಧನ್ಯವಾದ. ಚಾಪೆಯ ಸಲಹೆ ನಮ್ಮ ಬಳಗಕ್ಕೆ ತುಂಬಾ ಇಷ್ಟವಾಯಿತು. ಜಗಲಿಯಲ್ಲೇ ಮಾಡೋಣ ಅಂತಿದ್ದೇವೆ.

ಒಂದು ಗೊಂದಲ ಇದೆ. ಬರುವವರು ಮನೆ, ಮಕ್ಕಳು, ನೌಕರಿ ಎಲ್ಲ ನೋಡಿಕೊಂಡು ಬರೆದವರು. ಅದರ ಬಗ್ಗೆ ಕೇಳಬಹುದಾ? ನನಗೆ ಕೇಳುವ ಆಸೆ ಇದೆ. ನಮ್ಮ ಊರಿನ ಕಡೆಯವರೇ ಆದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಿ. ಅವರು ಹುಟ್ಟಿದ್ದು 1917ರಲ್ಲಿ. ಲೆಕ್ಕ ಹಾಕಿದರೆ ನಲವತ್ತು ದಾಟಿ ಆಗಿತ್ತು. ಚಿಕ್ಕ ವಯಸ್ಸಿನಲ್ಲೇ ಮದುವೆ, ಓದು ಅರ್ಧಕ್ಕೇ ನಿಂತಿತ್ತು. ಅಷ್ಟು ವರ್ಷ ಆ ಕಥೆಗಳನ್ನೆಲ್ಲ ಎಲ್ಲಿ ಇಟ್ಟುಕೊಂಡಿದ್ದರು? 'ಫಣಿಯಮ್ಮ' ಕೂಡ ಮನೆಯ ಹಿರಿಯರೊಬ್ಬರ ನಿಜ ಬದುಕು, ಬಾಯಿಂದ ಬಾಯಿಗೆ ಬಂದದ್ದು. ಕೊನೆಗೆ 1976ರಲ್ಲಿ ಪುಸ್ತಕವಾಯಿತು. ಇದನ್ನೆಲ್ಲ ಯಾರಾದರೂ ಅವರ ಹತ್ತಿರ ಕೂತು ಬಿಡಿಸಿ ಬಿಡಿಸಿ ಕೇಳಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಹೇಮಾವತಿ ದಂಡೆ

ಕೇಳಬೇಡಿ ಅಂತ ನನ್ನ ಸಲಹೆ. ಗಂಡಸರಿಗೆ ಶೈಲಿ, ತಂತ್ರ, ಸಿದ್ಧಾಂತ ಕೇಳುತ್ತಾರೆ. ಹೆಂಗಸರು ಬಂದ ಕೂಡಲೇ "ಅಡುಗೆ ಮಾಡಿಕೊಂಡು ಹೇಗೆ ಬರೆದಿರಿ?" ಸಾಕಾಗಿ ಹೋಗಿದೆ. ತ್ರಿವೇಣಿಯವರು 1963ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 35 ವರ್ಷ ಆಗುವುದರಲ್ಲಿತ್ತು. ಮನಸ್ಸಿನ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಅಷ್ಟು ಧೈರ್ಯವಾಗಿ ಬರೆದವರು ಆಗ ಎಷ್ಟು ಜನ? ಆದರೂ ಅವರನ್ನು ತುಂಬಾ ಕಾಲ "ಮಹಿಳಾ ಕಾದಂಬರಿ" ಅನ್ನುವ ಡಬ್ಬಿಯಲ್ಲಿ ಇಟ್ಟರು. ಅಡುಗೆಮನೆಯ ಪ್ರಶ್ನೆ ಆ ಡಬ್ಬಿಯ ಮುಚ್ಚಳ.

ಮೂರನೇ ಕರಡು

ಹೇಮಾವತಿ ಅವರ ಸಿಟ್ಟು ನನಗೂ ಇದೆ. ಆದರೆ ಕೇಳದೇ ಬಿಟ್ಟರೂ ಅನ್ಯಾಯ ಆಗುತ್ತದೆ. ಹೊತ್ತು ಎಲ್ಲಿಂದ ಬರುತ್ತದೆ ಅನ್ನುವುದು ಬರವಣಿಗೆಯ ಪ್ರಶ್ನೆಯೇ. ನಾನು ಸಣ್ಣಕಥೆ ಬರೆಯುವುದಕ್ಕೆ ಒಂದು ಕಾರಣ, ಕಾದಂಬರಿಗೆ ಬೇಕಾದ ಉದ್ದನೆಯ ಬಿಡುವು ನನ್ನ ದಿನದಲ್ಲಿ ಇಲ್ಲದೇ ಇರುವುದು. ಇದು ತಂತ್ರವೂ ಹೌದು, ಅಡುಗೆಮನೆಯೂ ಹೌದು. "ಹೇಗೆ ನಿಭಾಯಿಸಿದಿರಿ?" ಅಂತ ಮೆಚ್ಚುಗೆ ಬೇಡ. "ಯಾವ ಹೊತ್ತಲ್ಲಿ ಬರೆದಿರಿ, ಅದರಿಂದ ಅಧ್ಯಾಯಗಳ ಉದ್ದ ಬದಲಾಯಿತಾ, ಮಧ್ಯೆ ನಿಂತು ಹೋದಾಗ ಎಳೆ ಹೇಗೆ ಹಿಡಿದಿರಿ?" ಅಂತ ಕೇಳಿ. ಗಂಡಸು ಲೇಖಕರು ಬಂದಾಗಲೂ ಇದನ್ನೇ ಕೇಳಿ.

ಅಟ್ಟದ ಓದುಗ

ಇದು ಸರಿಯಾದ ಮಾತು. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ರಾಸಾಯನಿಕ ಉದ್ಯಮದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. 'ಶಿಕಾರಿ'ಯ ನಾಗನಾಥನ ದಿಗಿಲು, ಕಂಪನಿಯೊಳಗಿನ ಪಿತೂರಿ, ಇದನ್ನೆಲ್ಲ ಹೊರಗಿನಿಂದ ನೋಡಿದವರು ಬರೆಯಲಾರರು. ಜಯಂತ ಕಾಯ್ಕಿಣಿಯವರೂ ಮುಂಬಯಿಯಲ್ಲಿ ಕೆಮಿಸ್ಟ್ ಆಗಿದ್ದವರು. ಲೋಕಲ್ ಟ್ರೇನು, ಚಾಳು, ಪಾಳಿ ಮುಗಿಸಿ ಬರುವ ಜನ, ಎಲ್ಲ ಕಥೆಗೆ ಬಂದರು. ನೌಕರಿಯ ಬಗ್ಗೆ ಕೇಳುವುದು ಖಾಸಗಿ ಪ್ರಶ್ನೆ ಅಲ್ಲವೇ ಅಲ್ಲ.

ಹೇಮಾವತಿ ದಂಡೆ

ಹೀಗೆ ಕೇಳುವುದಾದರೆ ನನ್ನ ತಕರಾರಿಲ್ಲ.

ನಾನು ಹಾಸನದವಳು. ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಇಡೀ ಊರು ಸಂಭ್ರಮಿಸಿತು. ಕನ್ನಡಕ್ಕೆ ಆ ಪ್ರಶಸ್ತಿ ಮೊದಲ ಸಲ, ಸಣ್ಣಕಥೆಗಳ ಸಂಕಲನಕ್ಕೂ ಮೊದಲ ಸಲ. ಆಮೇಲೆ ಬಂದ ಸಂದರ್ಶನಗಳನ್ನೆಲ್ಲ ಹುಡುಕಿ ಹುಡುಕಿ ಓದಿದೆ. ನಾನು ಓದಿದವುಗಳಲ್ಲಿ ಹೆಚ್ಚಿನವು "ಪ್ರಶಸ್ತಿ ಬಂದಾಗ ಹೇಗನ್ನಿಸಿತು?" ಅನ್ನುವಲ್ಲೇ ನಿಂತುಬಿಟ್ಟವು. ಪ್ರಶಸ್ತಿ ಬಂದ 'ಹಾರ್ಟ್ ಲ್ಯಾಂಪ್'ನಲ್ಲಿ ಇರುವುದು 12 ಕಥೆ. ಅವು 1990ರಿಂದ 2023ರವರೆಗೆ ಬರೆದವು. ಮೂವತ್ತು ವರ್ಷಕ್ಕೂ ಜಾಸ್ತಿ! ಮೊದಲ ಕಥೆಯ ಹೆಂಗಸಿಗೂ ಕೊನೆಯ ಕಥೆಯ ಹೆಂಗಸಿಗೂ ಏನು ಬದಲಾಯಿತು? ವಕೀಲಿಕೆ ಮಾಡುತ್ತಾ, ಕಷ್ಟ ಹೇಳಿಕೊಂಡು ಬಂದವರ ಮಾತು ಕೇಳುತ್ತಾ, ಅವರ ಗುಟ್ಟು ಕಾಪಾಡಿಕೊಂಡೇ ಕಥೆ ಮಾಡುವುದು ಹೇಗೆ? ಇದನ್ನು ಕೇಳಬೇಕಿತ್ತು. ತಾನು ಜಾಸ್ತಿ ಸಂಶೋಧನೆ ಮಾಡುವುದಿಲ್ಲ, ತನ್ನ ಹೃದಯವೇ ತನ್ನ ಅಧ್ಯಯನದ ಜಾಗ ಅನ್ನುವ ಅರ್ಥದ ಮಾತನ್ನು ಅವರು ಹೇಳಿದ್ದರು. ಅಲ್ಲಿಂದ ಎರಡನೇ ಪ್ರಶ್ನೆ ಶುರುವಾಗಬೇಕು, ಪುಟ ತಿರುವಿ ಅವರು ಹೇಳಿದ ಹಾಗೆ.

ಒಂದು ಮಾತ್ರ ತುಂಬಾ ಖುಷಿ ಕೊಟ್ಟಿತು. ಅನುವಾದ ಮಾಡಿದ ದೀಪಾ ಭಾಸ್ತಿಯವರೂ ಪಕ್ಕದಲ್ಲೇ ಕೂತು ಮಾತಾಡಿದರು. ಆ ಪ್ರಶಸ್ತಿಯ ಹಣವೂ ಇಬ್ಬರಿಗೂ ಸಮಪಾಲು. ಬಾನು ಅವರ ಆರು ಸಂಕಲನಗಳಿಂದ ಈ 12 ಕಥೆಗಳನ್ನು ಆರಿಸಿದ್ದು ದೀಪಾ ಅವರೇ. ಒಂದು ಪುಸ್ತಕವನ್ನು ಅನುವಾದಕರಷ್ಟು ಹತ್ತಿರದಿಂದ ಓದುವವರು ಬೇರೆ ಇಲ್ಲ. ನಮ್ಮ ಊರುಗಳ ಸಂವಾದಗಳಿಗೆ ಅನುವಾದಕರನ್ನು ಯಾಕೆ ಕರೆಯುವುದಿಲ್ಲ?

ಹಳೇ ಪ್ರತಿ

ನಾನು ನಿವೃತ್ತ ಗ್ರಂಥಪಾಲಕ. ಎಲ್ಲವನ್ನೂ ಓದಿದೆ. ಒಂದು ವಿಷಯ ಯಾರೂ ಎತ್ತಿಲ್ಲ. ದಾಖಲೆ ಮಾಡಿ. ದಯವಿಟ್ಟು ಮಾಡಿ.

ಕನ್ನಡದಲ್ಲಿ ಮಾತಿನಿಂದಲೇ ಹುಟ್ಟಿದ ದೊಡ್ಡ ಪುಸ್ತಕಗಳಿವೆ. ಅನಂತಮೂರ್ತಿಯವರ 'ಸುರಗಿ' ಅವರು ಹೇಳುತ್ತಾ ಹೋದದ್ದು, ಜ.ನಾ. ತೇಜಶ್ರೀ ನಿರೂಪಿಸಿದ್ದು, 2012ರಲ್ಲಿ ಬಂತು. ರಂಗಕರ್ಮಿ ಬಿ.ವಿ. ಕಾರಂತರ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ಅವರು ಹೇಳಿದ್ದು, ವೈದೇಹಿಯವರು ಬರೆದದ್ದು. ಕಾರಂತರು 2002ರಲ್ಲಿ ಹೋದರು. ವೈದೇಹಿಯವರು ಕೂತು ಕೇಳದೇ ಇದ್ದಿದ್ದರೆ ಆ ಮಾತುಗಳೂ ಅವರ ಜೊತೆ ಹೋಗುತ್ತಿದ್ದವು. ಸ್ವತಃ ಇಷ್ಟು ಚೆನ್ನಾಗಿ ಬರೆಯುವ ಕಥೆಗಾರ್ತಿ ತನ್ನ ಹೊತ್ತನ್ನು ಇನ್ನೊಬ್ಬರ ಮಾತಿಗೆ ಕೊಟ್ಟರು ಅನ್ನುವುದು ಸಣ್ಣ ವಿಷಯ ಅಲ್ಲ. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ 'ಸೇಡಿಯಾಪು ನೆನಪುಗಳು' ಕೂಡ ವೈದೇಹಿಯವರು ಹಾಗೆ ಕೇಳಿ ಬರೆದುಕೊಟ್ಟದ್ದೇ.

ಕೇಳುವವರ ಹೆಸರು ಹಿಂದೆ ಸರಿದುಬಿಡುತ್ತದೆ. ಶಿವರಾಮ ಕಾರಂತರು ಕಾದಂಬರಿಗಳನ್ನು ಹೇಳಿ ಬರೆಸುತ್ತಿದ್ದರು. ಮಾಲಿನಿ ಮಲ್ಯ ಅವರು ವರ್ಷಗಟ್ಟಲೆ ಲಿಪಿಕಾರ್ತಿಯಾಗಿ ದುಡಿದವರು. ಕಾರಂತರ ಚೆಲ್ಲಾಪಿಲ್ಲಿಯಾಗಿದ್ದ ಲೇಖನಗಳನ್ನು ಸಂಪುಟಗಳಾಗಿ ಸಂಪಾದಿಸಿದವರೂ ಅವರೇ. ಕಾರಂತರು ಎಲ್ಲಿ ನಿಲ್ಲಿಸುತ್ತಿದ್ದರು, ಎಲ್ಲಿ ಹಿಂದೆ ಹೋಗುತ್ತಿದ್ದರು, ಇದನ್ನೆಲ್ಲ ಕಿವಿಯಾರೆ ಕೇಳಿದವರನ್ನು ನಮ್ಮ ಸಭೆಗಳು ಎಷ್ಟು ಸಲ ಮಾತಾಡಿಸಿದವು? ನಿಮ್ಮ ಊರಿನ ಸುತ್ತ ಇಂಥವರು ಇದ್ದರೆ ಹುಡುಕಿ. ಅಕ್ಷರ ಜೋಡಿಸಿದವರು, ಕರಡು ತಿದ್ದಿದವರು, ಮೊದಲ ಓದುಗರು.

ಬೆಂಗಳೂರಿನ ಕನ್ನಡ ಭವನದಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ನಡೆಸುವ 'ಮನೆಯಂಗಳದಲ್ಲಿ ಮಾತುಕತೆ' ನೋಡಿ. ತಿಂಗಳಿಗೊಬ್ಬರು ಅತಿಥಿ. ಅಂಥದ್ದು ಪ್ರತಿ ತಾಲ್ಲೂಕಿನಲ್ಲೂ ಆಗಬಹುದು.

ದಾಖಲೆಗೆ ದೊಡ್ಡ ಖರ್ಚು ಬೇಡ. ಒಂದು ಫೋನು ಲೇಖಕರ ಹತ್ತಿರ, ಇನ್ನೊಂದು ಪ್ರಶ್ನೆ ಕೇಳುವವರ ಹತ್ತಿರ ಇಡಿ. ಫ್ಯಾನ್ ಆಫ್ ಮಾಡಿ. ಶುರುವಿನಲ್ಲೇ ದಿನಾಂಕ, ಊರು, ಹೆಸರು ಹೇಳಿ. ಮೊದಲೇ ಅನುಮತಿ ಕೇಳಿ. ಬರಹಕ್ಕೆ ಇಳಿಸಿದ ಮೇಲೆ ಅವರಿಗೇ ತೋರಿಸಿ.

ಪುಟ ತಿರುವಿ

ತೋರಿಸಬೇಕು ಅನ್ನುವುದು ಬಹಳ ಮುಖ್ಯ. ನಾನು ಹೇಳಿದ ಆ ಪತ್ರಿಕೆಯ ಸರಣಿಯಲ್ಲೂ ಲೇಖಕರಿಗೆ ತಿದ್ದಲು ಕೊಡುತ್ತಾರೆ. ಮಾತಿನಲ್ಲಿ ಜಾರಿದ್ದನ್ನು ಹಿಡಿದು ಸುದ್ದಿ ಮಾಡುವುದಕ್ಕೂ, ಹೇಳಬೇಕೆಂದದ್ದನ್ನು ಸರಿಯಾಗಿ ಹೇಳಲು ಬಿಡುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಕಾಫಿಸೀಮೆ

ಇಷ್ಟೆಲ್ಲ ಓದಿದ ಮೇಲೆ, ಜಗಲಿಯಲ್ಲಿ ಆಗುವುದಾದರೆ ಬರಲಿ ಅನ್ನಿಸುತ್ತಿದೆ. ಬೇಕಾದರೆ ತೇಜಸ್ವಿಯವರ 'ಅಣ್ಣನ ನೆನಪು' ಓದಿ ಹೋಗಿ. ಕುವೆಂಪು ಅವರನ್ನು ಪ್ರಶ್ನೆ ಕೇಳಿ ತಿಳಿದದ್ದಲ್ಲ ಅದು, ಜೊತೆಗಿದ್ದು ನೋಡಿದ್ದು. ಬರೆಯುವ ಮನುಷ್ಯ ಮನೆಯಲ್ಲಿ ಹೇಗಿರುತ್ತಾನೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಪುಸ್ತಕ ನನಗೆ ಗೊತ್ತಿಲ್ಲ.

ನನ್ನದು ಒಂದೇ ಕೋರಿಕೆ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಆ ಜಾಗವನ್ನು ತುಂಬಲು ಹೋಗಬೇಡಿ. ಯೋಚನೆ ಮಾಡುತ್ತಿರುತ್ತಾರೆ.

ದೋಹಾ ಕನ್ನಡಿಗ

ನಾವು ಇಲ್ಲಿಂದ ಆನ್‌ಲೈನಿನಲ್ಲಿ ಸಂವಾದ ನಡೆಸುತ್ತೇವೆ. ದೊಡ್ಡ ಕಷ್ಟ ಅಂದರೆ ಸಭಿಕರ ಪ್ರಶ್ನೆ. ಪ್ರಶ್ನೆ ಅಂತ ಶುರುವಾಗಿ ಅವರದೇ ಭಾಷಣ ಆಗುತ್ತದೆ. ಈಗ ಪ್ರಶ್ನೆಗಳನ್ನು ಬರೆದು ಕಳಿಸಲು ಹೇಳುತ್ತೇವೆ. ಪುಟದ ಸಂಖ್ಯೆ ಇದ್ದ ಪ್ರಶ್ನೆಗೆ ಮೊದಲ ಅವಕಾಶ. ಇದರಿಂದ ಎರಡು ಲಾಭ: ಪುಸ್ತಕ ಓದಿದವರು ಮುಂದೆ ಬರುತ್ತಾರೆ, ಮಾತಾಡಲು ನಾಚುವವರ ಪ್ರಶ್ನೆಯೂ ಬರುತ್ತದೆ. ನೀವು ಚೀಟಿ ಮಾಡಬಹುದು.

ಹಣದ ಬಗ್ಗೆಯೂ ಕೇಳಬಹುದಾ ಅಂತ ನನಗೆ ಕುತೂಹಲ. ರಾಯಧನ ಎಷ್ಟು ಬಂತು, ಎಷ್ಟು ಪ್ರತಿ ಹೋಯಿತು, ಇತ್ಯಾದಿ.

ಹಳೇ ಪ್ರತಿ

ಕೇಳಬಹುದು, ಎಲ್ಲರ ಎದುರು ಅಂಕಿ ಕೇಳಬೇಡಿ ಅಷ್ಟೇ. ಪುಸ್ತಕ ಓದುಗರ ಕೈಗೆ ಹೇಗೆ ತಲುಪಿತು ಅಂತ ಕೇಳಿ, ಹಣದ ಮಾತು ತಾನಾಗಿ ಬರುತ್ತದೆ. ಗಳಗನಾಥರು ತಮ್ಮ ಪುಸ್ತಕದ ಹೊರೆ ಹೊತ್ತು ಊರೂರು ನಡೆದು ಮಾರಿದವರು. ಅನಕೃ ಬರವಣಿಗೆಯನ್ನೇ ನಂಬಿ ಬದುಕಿದರು, ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅಷ್ಟು ಬರೆದದ್ದರ ಹಿಂದೆ ಒಲೆ ಉರಿಯಬೇಕು ಅನ್ನುವ ಸಂಕಟವೂ ಇತ್ತು ಅಂತ ನಾನು ನಂಬುತ್ತೇನೆ. ಇವತ್ತು ಗ್ರಂಥಾಲಯದ ಸಗಟು ಖರೀದಿ ತಡವಾದರೆ ಸಣ್ಣ ಪ್ರಕಾಶಕರು ಒದ್ದಾಡುತ್ತಾರೆ, ಲೇಖಕರ ಮುಂದಿನ ಪುಸ್ತಕ ನಿಲ್ಲುತ್ತದೆ. ಇದು ಓದುಗರಿಗೂ ಗೊತ್ತಾಗಬೇಕು.

ಮತ್ತೆ, ಅಲ್ಲಿ ಅವರ ಪುಸ್ತಕ ಮಾರಾಟಕ್ಕೆ ಇಡಿ. ಉಚಿತ ಪ್ರತಿ ಕೇಳಬೇಡಿ. ಬಂದು ಹೋಗುವ ಖರ್ಚು ನಿಮ್ಮದು.

ತುಂಗಾತೀರ

ಖರ್ಚು ನಮ್ಮದೇ, ಪುಸ್ತಕದಂಗಡಿಯವರಿಗೂ ಹೇಳಿ ಆಗಿದೆ. ಶಾಲು ಹಾರ ಬಿಟ್ಟು ಆ ದುಡ್ಡಿಗೆ ಪುಸ್ತಕ ಕೊಂಡು ಶಾಲೆಯ ಲೈಬ್ರರಿಗೆ ಕೊಡುವುದು ಅಂತ ಎಲ್ಲರೂ ಒಪ್ಪಿದರು.

ಕೊನೆಯದಾಗಿ ಒಂದು. ಪ್ರಶ್ನೆಗಳನ್ನು ಅವರಿಗೆ ಮೊದಲೇ ಕಳಿಸಬೇಕಾ?

ಮೂರನೇ ಕರಡು

ಪ್ರಶ್ನೆ ಕಳಿಸಬೇಡಿ. ಕಳಿಸಿದರೆ ನಾವು ಉತ್ತರ ಬರೆದುಕೊಂಡು ಬರುತ್ತೇವೆ, ಅದು ಓದಿ ಹೇಳಿದ ಹಾಗಾಗುತ್ತದೆ. ಯಾವ ಪುಸ್ತಕದ ಬಗ್ಗೆ, ಯಾವ ಅಧ್ಯಾಯಗಳ ಬಗ್ಗೆ ಮಾತು ಅಂತ ಮಾತ್ರ ಹೇಳಿ. ಬರೆದು ಕೆಲವು ವರ್ಷ ಆಗಿದ್ದರೆ ನಮಗೇ ಮರೆತಿರುತ್ತದೆ, ಮತ್ತೊಮ್ಮೆ ಓದಿಕೊಂಡು ಬರಲು ಅನುಕೂಲ. ಹಳೆಯ ಕರಡು, ನೋಟ್‌ಬುಕ್ಕು ಏನಾದರೂ ಉಳಿದಿದ್ದರೆ ತರಲು ಹೇಳಿ. ಒಂದು ಪುಟ ಕರಡು, ಅದೇ ಪುಟ ಅಚ್ಚಾದದ್ದು, ಎರಡನ್ನೂ ಪಕ್ಕದಲ್ಲಿಟ್ಟು ಓದಿಸಿ. ಅರ್ಧ ಗಂಟೆ ಅದರಲ್ಲೇ ಹೋಗುತ್ತದೆ, ಹೋಗಲಿ.

ತುಂಗಾತೀರ

ಈಗಲೇ ಫೋನ್ ಮಾಡಿ ಕೇಳಿದೆ. ಮೊದಲ ಕಾದಂಬರಿಯ ಕರಡು ಅಟ್ಟದ ಮೇಲೆ ಪೆಟ್ಟಿಗೆಯಲ್ಲಿ ಇದೆಯಂತೆ, ಇಳಿಸಿ ತರುತ್ತಾರಂತೆ. ಮೂರನೆಯ ಅಧ್ಯಾಯ ಎರಡು ಥರ ಬರೆದಿದ್ದರಂತೆ. ಎರಡನ್ನೂ ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಮೊದಲೇ ಹಂಚುತ್ತೇವೆ. ಹೇಮಾವತಿ ಅವರೇ, ಹಾಸನದಿಂದ ಬರುವುದಾದರೆ ನಮ್ಮ ಮನೆಯಲ್ಲೇ ಉಳಿದುಕೊಳ್ಳಿ.